ರೊಮ್ಯಾಂಟಿಕ್ ಸಾಹಿತ್ಯದ ದೆವ್ವ, ದೈತ್ಯರನ್ನು ಓದುವುದು ಹೇಗೆ: ಎಂಟು ಹಂತಗಳ ಮಾರ್ಗದರ್ಶಿ

ಇಂಗ್ಲಿಷ್ ಲೇಖಕಿ ಮೇರಿ ಶೆಲ್ಲಿಯ ಫ್ರಾಂಕನ್‌ಸ್ಟೈನ್ ಕಥೆಯನ್ನು ನಾನು ಮೊದಲು ಓದಿದ್ದು ಶಾಲೆಯ ದಿನಗಳಲ್ಲಿ. ಮಕ್ಕಳಿಗಾಗಿ ಚಿಕ್ಕದು ಮಾಡಿದ ಪುಸ್ತಕ ಅದು. ಅದರಲ್ಲಿ ದೈತ್ಯ ಬರುತ್ತಿತ್ತು, ಕೊಲ್ಲುತ್ತಿತ್ತು, ಕತ್ತಲಲ್ಲಿ ಮರೆಯಾಗುತ್ತಿತ್ತು. ಒಂದು ಮಾತೂ ಆಡುತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಪೂರ್ತಿ ಕಾದಂಬರಿ ಓದಿದೆ. ಪುಸ್ತಕದ ನಡುವಿನ ಆರು ಅಧ್ಯಾಯ ಆ ದೈತ್ಯನದೇ ಮಾತು ಅಂತ ಆಗ ಗೊತ್ತಾಯಿತು. ಕಾದಂಬರಿಯ ಜೀವ ಇರುವುದೇ ಆ ಆರು ಅಧ್ಯಾಯಗಳಲ್ಲಿ. ನನ್ನ ಕೈಗೆ ಸಿಕ್ಕ ಮೊದಲ ಪುಸ್ತಕದಲ್ಲಿ ಅವನ್ನೇ ಕತ್ತರಿಸಿ ತೆಗೆದಿದ್ದರು. ಆ ಬೇಸರ ಇವತ್ತಿಗೂ ಹೋಗಿಲ್ಲ. ಈ ಬರಹ ಅದರಿಂದಲೇ ಹುಟ್ಟಿದ್ದು.

ರೊಮ್ಯಾಂಟಿಕ್ ಅಂದರೆ ಇಲ್ಲಿ ಪ್ರೇಮಕಥೆ ಅಂತ ಅರ್ಥ ಅಲ್ಲ. ಹೆಚ್ಚುಕಡಿಮೆ 1770ರಿಂದ 1830ರವರೆಗೆ ಯುರೋಪಿನಲ್ಲಿ ಬೆಳೆದ ಸಾಹಿತ್ಯ ಇದು. ನಮ್ಮ ವಿಮರ್ಶಕರು ರಮ್ಯ ಪಂಥ ಅನ್ನುತ್ತಾರೆ. ಆ ಕಾಲದ ಹಲವು ಇಂಗ್ಲಿಷ್ ಕವಿತೆಗಳು ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ ಮೂಲಕ ಕನ್ನಡಕ್ಕೆ ಬಂದವು. ಹಾಗಾಗಿ ಹೂವು, ಹಕ್ಕಿ, ಹೊಳೆಗಳ ರೊಮ್ಯಾಂಟಿಕ್ ಕಾವ್ಯ ನಮಗೆ ಗೊತ್ತು. ಅದೇ ಕವಿಗಳು, ಅದೇ ವರ್ಷಗಳಲ್ಲಿ ಬರೆದ ಹೆಣ, ಪ್ರೇತ, ಹಾವಿನ ಹೆಣ್ಣುಗಳ ಕಡೆಗೆ ನಾವು ಕಮ್ಮಿ ಹೋಗಿದ್ದೇವೆ.

ಬೇಕಾಗುವುದು ಸ್ವಲ್ಪವೇ. ಸಾಧಾರಣ ಇಂಗ್ಲಿಷ್, ಒಂದು ನೋಟ್‌ಬುಕ್, ವಾರಕ್ಕೆ ಮೂರು ನಾಲ್ಕು ಗಂಟೆ. ಇಲ್ಲಿ ಹೇಳುವ ಕೃತಿಗಳಿಗೆಲ್ಲ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ. ಇಂಗ್ಲಿಷ್ ಕೃತಿಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ದುಡ್ಡು ಕೊಡದೆ ಸಿಗುತ್ತವೆ. ಜರ್ಮನ್ ಕೃತಿಗಳಿಗೂ ಹಳೆಯ ಇಂಗ್ಲಿಷ್ ಅನುವಾದಗಳಿವೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳಿ. ಇದನ್ನು ಯಾರು ನೋಡುತ್ತಾರೆ? ಇದಕ್ಕೆ ಮಾತು ಇದೆಯೇ? ಇದ್ದರೆ, ಯಾರು ಕೇಳಿಸಿಕೊಳ್ಳುತ್ತಾರೆ? ಪ್ರತಿ ಕೃತಿಗೂ ಈ ಮೂರನ್ನೇ ಕೇಳುತ್ತಾ ಹೋಗಿ. ಕಣ್ಣು ಮತ್ತು ಕಿವಿ, ಈ ಎರಡನ್ನು ಹಿಡಿದರೆ ಅರುವತ್ತು ವರ್ಷದ ಬದಲಾವಣೆ ತಾನಾಗಿ ಕಾಣುತ್ತದೆ.

ಹಂತ 1: ನಿಮ್ಮ ಬಾಯಿಗೆ ಬರುವ ಪದವನ್ನು ಗಮನಿಸಿ

ಕನ್ನಡದವರಿಗೆ ಮೊದಲ ತೊಡಕು ಪದದಲ್ಲೇ ಇದೆ. ಮಾನ್‌ಸ್ಟರ್ ಅನ್ನುವುದಕ್ಕೆ ನಾವು ಥಟ್ಟನೆ ರಾಕ್ಷಸ ಅಂತೀವಿ. ಆದರೆ ನಮ್ಮ ರಾಕ್ಷಸನಿಗೆ ಕುಲ ಇದೆ. ರಾವಣನಿಗೆ ತಂದೆ, ತಾಯಿ, ತಮ್ಮಂದಿರು, ತಂಗಿ, ಒಂದು ಊರು ಎಲ್ಲ ಇದೆ. ದೆವ್ವ ಅಂದರೆ ಸತ್ತವರು ಮರಳಿ ಬಂದದ್ದು. ಭೂತ ಅಂದರೆ ಬಯಲುಸೀಮೆಯಲ್ಲಿ ಹೆದರಿಕೆ, ಕರಾವಳಿಯಲ್ಲಿ ಕೋಲ ಕೊಟ್ಟು, ಕೈಮುಗಿದು, ನ್ಯಾಯ ಕೇಳುವ ದೈವ. ಇವುಗಳಲ್ಲಿ ಯಾವ ಪದ ಬಳಸಿದರೂ ಓದುವ ಮುಂಚೆಯೇ ಒಂದು ತೀರ್ಪು ಕೊಟ್ಟ ಹಾಗೆ ಆಗುತ್ತದೆ.

ಇಂಗ್ಲಿಷ್ ಪದದ ಮೂಲ ಲ್ಯಾಟಿನ್ನಿನ ‘ಮಾನ್‌ಸ್ಟ್ರಮ್’. ಎಚ್ಚರಿಸು ಅನ್ನುವ ಅರ್ಥದ ಕ್ರಿಯಾಪದದಿಂದ ಬಂದದ್ದು. ಪ್ರಾಚೀನ ರೋಮಿನಲ್ಲಿ ವಿಚಿತ್ರವಾಗಿ ಹುಟ್ಟಿದ ಕರುವನ್ನೋ ಮಗುವನ್ನೋ ದೇವರು ಕಳಿಸಿದ ಸೂಚನೆ ಅಂತ ನೋಡುತ್ತಿದ್ದರು. ನಮ್ಮ ಹಳೆಯ ಕಾವ್ಯಗಳಲ್ಲಿ ಬರುವ ಉತ್ಪಾತ ಅನ್ನುವ ಪದ ಇದಕ್ಕೆ ಹತ್ತಿರ. ಅಂದರೆ ಮಾನ್‌ಸ್ಟರ್ ಮೊದಲಿಂದಲೂ ಏನನ್ನೋ ಹೇಳಲು ಬಂದದ್ದು.

ಇನ್ನೊಂದು ವಿಷಯ ನಮ್ಮ ವ್ಯಾಕರಣದಲ್ಲೇ ಇದೆ. ಕನ್ನಡದಲ್ಲಿ ‘ಬಂತು’ ಅನ್ನಬೇಕೋ ‘ಬಂದ’ ಅನ್ನಬೇಕೋ, ಪ್ರತಿ ವಾಕ್ಯದ ಕೊನೆಯಲ್ಲೂ ನಾವು ತೀರ್ಮಾನ ಮಾಡಲೇಬೇಕು. ತಪ್ಪಿಸಿಕೊಳ್ಳಲು ಆಗಲ್ಲ. ಹಾಗಾಗಿ ಪ್ರತಿ ಕೃತಿ ಓದಿದ ಮೇಲೆ ಮನೆಯಲ್ಲಿ ಯಾರಿಗಾದರೂ ಆ ಕಥೆಯನ್ನು ಕನ್ನಡದಲ್ಲಿ ಹೇಳಿ. ದೈತ್ಯನ ವಿಷಯ ಬಂದಾಗ ನಿಮ್ಮ ಬಾಯಲ್ಲಿ ‘ಅದು’ ಬರುತ್ತದೋ ‘ಅವನು’, ‘ಅವಳು’ ಬರುತ್ತದೋ ಗಮನಿಸಿ. ಯಾವ ಪುಟದಲ್ಲಿ ಬದಲಾಯಿತು ಅಂತ ಬರೆದಿಡಿ. ನನಗೆ ಇಷ್ಟು ಸಹಾಯ ಮಾಡಿದ ಅಭ್ಯಾಸ ಇನ್ನೊಂದಿಲ್ಲ.

ಹಂತ 2: ಹಳೆಯ ಕೋಟೆಗೆ ಒಮ್ಮೆ ಹೋಗಿ ಬನ್ನಿ

ಬದಲಾವಣೆ ತಿಳಿಯಬೇಕಾದರೆ ಮೊದಲು ಏನಿತ್ತು ಅಂತ ನೋಡಬೇಕು, ಅಲ್ವಾ? 1735ರ ಹೊತ್ತಿಗೆ ಬ್ರಿಟನ್ನಿನಲ್ಲಿ ಹೊಸ ಕಾನೂನು ಬಂತು. ಮಾಟ ಮಾಡುವುದು ಅಪರಾಧ ಅನ್ನುವುದು ಹೋಗಿ, ನನಗೆ ಮಾಟ ಬರುತ್ತದೆ ಅಂತ ಹೇಳಿಕೊಂಡು ಮೋಸ ಮಾಡುವುದು ಅಪರಾಧ ಆಯಿತು. 1762ರಲ್ಲಿ ಲಂಡನ್ನಿನ ಕಾಕ್ ಲೇನ್ ಅನ್ನುವ ಓಣಿಯಲ್ಲಿ ದೆವ್ವ ಸದ್ದು ಮಾಡುತ್ತಿದೆ ಅಂತ ಸುದ್ದಿ ಹಬ್ಬಿತು. ಪಂಡಿತ ಸ್ಯಾಮ್ಯುಯೆಲ್ ಜಾನ್ಸನ್ ಇದ್ದ ಒಂದು ತಂಡ ಪರೀಕ್ಷೆ ಮಾಡಿ, ಇದು ಮೋಸ ಅಂದಿತು. ಆ ದೆವ್ವ ನೋಡಲು ಹೋದವರಲ್ಲಿ ಲೇಖಕ ಹೊರೇಸ್ ವಾಲ್ಪೋಲ್ ಕೂಡ ಒಬ್ಬರು.

ಎರಡೇ ವರ್ಷಕ್ಕೆ, 1764ರ ಕೊನೆಯಲ್ಲಿ, ಅದೇ ವಾಲ್ಪೋಲ್ ‘ಕ್ಯಾಸಲ್ ಆಫ್ ಒಟ್ರಾಂಟೊ’ ಪ್ರಕಟಿಸಿದರು. ತಮ್ಮ ಹೆಸರು ಹಾಕಲಿಲ್ಲ. 1529ರಲ್ಲಿ ನೇಪಲ್ಸ್‌ನಲ್ಲಿ ಅಚ್ಚಾದ ಇಟಾಲಿಯನ್ ಕಥೆಯ ಅನುವಾದ ಅಂತ ಹೇಳಿದರು. ಎರಡನೇ ಮುದ್ರಣದಲ್ಲಿ ನಿಜ ಒಪ್ಪಿಕೊಂಡು, ‘ಗಾಥಿಕ್ ಕಥೆ’ ಅನ್ನುವ ಮಾತು ಸೇರಿಸಿದರು. ಹಳೆಯ ಕೋಟೆ, ದೆವ್ವ, ಭಯಗಳ ಇಂಥ ಕಥೆಗಳಿಗೆ ಗಾಥಿಕ್ ಅನ್ನುವ ಹೆಸರು ಬಂದದ್ದು ಅಲ್ಲಿಂದ. ಜನ ನಂಬುವುದನ್ನು ಬಿಟ್ಟ ಮೇಲೆ ದೆವ್ವ ಪುಸ್ತಕದೊಳಗೆ ಮನೆ ಮಾಡಿಕೊಂಡಿತು.

ಇದರ ಮೊದಲ ಅಧ್ಯಾಯ ಓದಿದರೆ ಸಾಕು. ಮದುವೆಯ ದಿನ ಆಕಾಶದಿಂದ ಮನೆಯಷ್ಟು ದೊಡ್ಡ ಶಿರಸ್ತ್ರಾಣ ಬಿದ್ದು ಮದುಮಗ ಸಾಯುತ್ತಾನೆ. ಗೋಡೆಯ ಮೇಲಿನ ಚಿತ್ರ ನಿಟ್ಟುಸಿರು ಬಿಟ್ಟು ಚೌಕಟ್ಟಿನಿಂದ ಕೆಳಗಿಳಿಯುತ್ತದೆ. ನಿಮ್ಮ ಮೂರು ಪ್ರಶ್ನೆ ಹಾಕಿ ನೋಡಿ. ಎಲ್ಲರೂ ನೋಡುತ್ತಾರೆ. ಕೋಟೆಯ ಹಳೆಯ ಒಡೆಯನ ಪ್ರೇತಕ್ಕೆ ಮಾತು ಇಲ್ಲದಷ್ಟು ಕಡಿಮೆ. ಕೊನೆಯಲ್ಲಿ ಯಾರು ನಿಜವಾದ ವಾರಸುದಾರ ಅಂತ ಘೋಷಿಸಿ ಮಾಯವಾಗುತ್ತದೆ. ಅದಕ್ಕೆ ತನ್ನದು ಅಂತ ಒಂದು ನೋವು ಇಲ್ಲ.

ಮೂವತ್ತು ವರ್ಷದ ಮೇಲೆ ಆನ್ ರ‍್ಯಾಡ್‌ಕ್ಲಿಫ್ ಬಂದರು. ‘ಮಿಸ್ಟರೀಸ್ ಆಫ್ ಉಡಾಲ್ಫೊ’ 1794ರದು. ಇದು ಬಹಳ ಉದ್ದ, ಪೂರ್ತಿ ಓದಲೇಬೇಕು ಅಂತ ನಾನು ಹೇಳಲ್ಲ. ಕಪ್ಪು ಪರದೆಯ ಪ್ರಸಂಗ ಹುಡುಕಿ ಓದಿ. ನಾಯಕಿ ಎಮಿಲಿ ಪರದೆ ಎತ್ತುತ್ತಾಳೆ, ಏನನ್ನೋ ನೋಡಿ ಮೂರ್ಛೆ ಹೋಗುತ್ತಾಳೆ. ಏನು ನೋಡಿದಳು ಅಂತ ಲೇಖಕಿ ನೂರಾರು ಪುಟ ಹೇಳುವುದೇ ಇಲ್ಲ. ಕೊನೆಗೆ ತಿಳಿಯುವುದು, ಅದು ಮೇಣದ ಬೊಂಬೆ. ದೆವ್ವ ಇರಲೇ ಇಲ್ಲ. ಆದರೆ ಎಮಿಲಿಯ ಹೆದರಿಕೆ ನಿಜ, ಓದುವವರ ಹೆದರಿಕೆಯೂ ನಿಜ. ಅಂದರೆ ಭಯ ಕೋಟೆಯಿಂದ ಎದ್ದು ನೋಡುವವಳ ತಲೆಯೊಳಗೆ ಬಂದು ಕೂತಿದೆ. ರ‍್ಯಾಡ್‌ಕ್ಲಿಫ್ ಎರಡು ಬಗೆಯ ಹೆದರಿಕೆಯನ್ನು ಬೇರೆ ಮಾಡಿದರು. ಮುಂದೆ ಏನೋ ಇದೆ ಅನ್ನುವ ಮಸುಕಾದ ಭೀತಿ ಮನಸ್ಸನ್ನು ಅರಳಿಸುತ್ತದೆ, ಹೆಣವನ್ನು ಕಣ್ಣಮುಂದೆ ತಂದಿಟ್ಟರೆ ಮನಸ್ಸು ಹೆಪ್ಪುಗಟ್ಟುತ್ತದೆ ಅಂತ. ಇದನ್ನು ನೆನಪಿಟ್ಟುಕೊಳ್ಳಿ.

ಹಂತ 3: ಹತ್ತು ನಿಮಿಷದ ಅಭ್ಯಾಸ, ಗಯಟೆಯ ಒಂದು ಕವಿತೆ

ದೊಡ್ಡ ಕೃತಿಗೆ ಹೋಗುವ ಮುಂಚೆ ಇಲ್ಲಿ ಕೈ ಪಳಗಿಸಿಕೊಳ್ಳಿ. ಜರ್ಮನ್ ಕವಿ ಗಯಟೆಯ ‘ಎರ್ಲ್‌ಕ್ಯೊನಿಗ್’ 1782ರದು. ಮೂವತ್ತೆರಡು ಸಾಲು, ಅಷ್ಟೇ. ರಾತ್ರಿ, ಗಾಳಿ. ಅಪ್ಪ ಮಗನನ್ನು ಅವುಚಿಕೊಂಡು ಕುದುರೆ ಮೇಲೆ ಹೋಗುತ್ತಿದ್ದಾನೆ. ಮಗನಿಗೆ ಒಬ್ಬ ಪ್ರೇತರಾಜ ಕಾಣುತ್ತಾನೆ, ಕಿರೀಟ ಇಟ್ಟವನು. ಬಾ ಮಗು ಅಂತ ಕರೆಯುತ್ತಾನೆ. ಅದು ಮಂಜು ಅಂತಾನೆ ಅಪ್ಪ. ಒಣಗಿದ ಎಲೆಯ ಸದ್ದು ಅಂತಾನೆ. ಹಳೆಯ ವಿಲ್ಲೋ ಮರಗಳು ಅಂತಾನೆ. ಮನೆ ಮುಟ್ಟುವ ಹೊತ್ತಿಗೆ ಮಗು ಸತ್ತಿದೆ.

ನಾಲ್ಕು ಬಣ್ಣದ ಪೆನ್ನು ತಗೊಳ್ಳಿ. ಕಥೆ ಹೇಳುವವರು, ಅಪ್ಪ, ಮಗ, ಪ್ರೇತರಾಜ, ಪ್ರತಿಯೊಬ್ಬರ ಮಾತಿಗೂ ಒಂದೊಂದು ಬಣ್ಣ ಹಾಕಿ. ಪ್ರೇತರಾಜನ ಮಾತು ಎಷ್ಟು ಮುದ್ದಾಗಿ ಶುರುವಾಗಿ ಎಲ್ಲಿಗೆ ಮುಟ್ಟುತ್ತದೆ ನೋಡಿ. ಆಮೇಲೆ ಸಂಗೀತಗಾರ ಶೂಬರ್ಟ್ 1815ರಲ್ಲಿ ಇದಕ್ಕೆ ಕಟ್ಟಿದ ಹಾಡು ಕೇಳಿ. ಒಬ್ಬನೇ ಗಾಯಕ ನಾಲ್ಕೂ ದನಿ ಹಾಡುತ್ತಾನೆ. ಜರ್ಮನ್ ಗೊತ್ತಿಲ್ಲದಿದ್ದರೂ ಯಾರು ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ.

ಅಪ್ಪ ಕೆಟ್ಟವನಲ್ಲ. ಮಗನನ್ನು ಬೆಚ್ಚಗೆ ಹಿಡಿದಿದ್ದಾನೆ. ಅವನು ಹೇಳುವ ವಿವರಣೆ ಒಂದೊಂದೂ ಸರಿಯಾಗಿಯೇ ಇದೆ. ಆದರೂ ಮಗು ಹೋಯಿತು. ಪ್ರೇತ ಇತ್ತೇ, ಜ್ವರದ ಕನವರಿಕೆಯೇ? ಕವಿತೆ ಉತ್ತರ ಕೊಡುವುದಿಲ್ಲ. ನೀವೂ ಉತ್ತರ ಕೊಡಬೇಡಿ. ಈ ಕಾಲದ ಒಳ್ಳೆಯ ಕೃತಿಗಳಲ್ಲಿ ಹೆಚ್ಚಿನವು ಇದೇ ಅನುಮಾನದಲ್ಲಿ ನಮ್ಮನ್ನು ನಿಲ್ಲಿಸುತ್ತವೆ. ಅಲ್ಲಿ ನಿಂತುಕೊಳ್ಳುವುದನ್ನು ಕಲಿಯಬೇಕು.

ಹಂತ 4: ಕೋಲ್‌ರಿಜ್‌ನ ಮುದುಕ ನಾವಿಕನನ್ನು ಗಟ್ಟಿಯಾಗಿ ಓದಿ

‘ರೈಮ್ ಆಫ್ ದಿ ಏನ್ಶಿಯಂಟ್ ಮ್ಯಾರಿನರ್’ ಏಳು ಭಾಗದ ಕವಿತೆ. ಗಟ್ಟಿಯಾಗಿ ಓದಿದರೆ ಸುಮಾರು ಅರ್ಧ ಗಂಟೆ. ದಯವಿಟ್ಟು ಮನಸ್ಸಿನಲ್ಲೇ ಓದಬೇಡಿ. ಲಾವಣಿಯ ಧಾಟಿಯಲ್ಲಿ ಕಟ್ಟಿದ್ದು ಇದು. ಬಾಯಿಂದ ಕಿವಿಗೆ ಹೋಗಬೇಕು.

1798ರಲ್ಲಿ ಇಂಗ್ಲಿಷ್ ಕವಿಗಳಾದ ವರ್ಡ್ಸ್‌ವರ್ತ್, ಕೋಲ್‌ರಿಜ್ ಸೇರಿ ‘ಲಿರಿಕಲ್ ಬ್ಯಾಲಡ್ಸ್’ ಅನ್ನುವ ಕವನ ಸಂಕಲನ ತಂದರು. ಮೊದಲ ಕವಿತೆಯೇ ಇದು. ಇಬ್ಬರೂ ಕೆಲಸ ಹಂಚಿಕೊಂಡಿದ್ದರು. ದಿನನಿತ್ಯದ ಸಂಗತಿಯನ್ನು ಹೊಸದಾಗಿ ಕಾಣಿಸುವುದು ವರ್ಡ್ಸ್‌ವರ್ತ್ ಪಾಲು. ಅಲೌಕಿಕವನ್ನು ಮನುಷ್ಯರ ಭಾವನೆಗೆ ನಿಜ ಅನ್ನಿಸುವ ಹಾಗೆ ತರುವುದು ಕೋಲ್‌ರಿಜ್ ಪಾಲು. ಓದುವಷ್ಟು ಹೊತ್ತು ಅಪನಂಬಿಕೆಯನ್ನು ನಾವಾಗಿಯೇ ಪಕ್ಕಕ್ಕಿಡುತ್ತೇವೆ ಅನ್ನುವ ಅವರ ಪ್ರಸಿದ್ಧ ಮಾತು 1817ರಲ್ಲಿ ಬರೆದದ್ದು, ಈ ಹಂಚಿಕೆಯನ್ನು ನೆನೆಯುತ್ತಲೇ. ನಾವಿಕ ಆಲ್ಬಟ್ರಾಸ್ ಅನ್ನುವ ದೊಡ್ಡ ಕಡಲ ಹಕ್ಕಿಯನ್ನು ಕೊಲ್ಲುವ ಯೋಚನೆ ಕೊಟ್ಟದ್ದು ಮಾತ್ರ ವರ್ಡ್ಸ್‌ವರ್ತ್.

ಒಬ್ಬ ಮುದುಕ ಮದುವೆಗೆ ಹೊರಟ ಮೂವರಲ್ಲಿ ಒಬ್ಬನನ್ನು ತಡೆದು ನಿಲ್ಲಿಸುತ್ತಾನೆ. ಮೊದಲು ಕೈ ಹಿಡಿಯುತ್ತಾನೆ. ಬಿಡು ಅಂದಾಗ ಬಿಡುತ್ತಾನೆ. ಆಮೇಲೆ ಹಿಡಿದು ನಿಲ್ಲಿಸುವುದು ಅವನ ಹೊಳೆಯುವ ಕಣ್ಣು. ಅವನು ಹೇಳುವುದು ತಾನು ಆ ಆಲ್ಬಟ್ರಾಸ್ ಕೊಂದ ಕಥೆ. ಹಡಗಿನ ಜೊತೆಗಾರರು ಸತ್ತ ಹಕ್ಕಿಯನ್ನು ಅವನ ಕೊರಳಿಗೇ ಕಟ್ಟುತ್ತಾರೆ. ಆ ಕಥೆಯೊಳಗೆ ಹೋದರೆ ಇನ್ನೂ ಕಣ್ಣುಗಳು. ಇನ್ನೂರು ಜೊತೆಗಾರರು ಒಬ್ಬೊಬ್ಬರಾಗಿ ಬಿದ್ದು ಸಾಯುತ್ತಾರೆ. ಸಾಯುವಾಗ ಅವನ ಕಡೆ ನೋಡಿದ ನೋಟ ಸತ್ತ ಮೇಲೂ ಆ ಕಣ್ಣುಗಳಲ್ಲಿ ಉಳಿಯುತ್ತದೆ. ಏಳು ಹಗಲು, ಏಳು ರಾತ್ರಿ ಆ ಶಾಪವನ್ನು ನೋಡುತ್ತಾ ಅವನು ಕೂರುತ್ತಾನೆ.

ಈಗ ಎರಡು ಜಾಗಗಳನ್ನು ಅಕ್ಕಪಕ್ಕ ಇಟ್ಟು ಓದಿ. ಎರಡನೇ ಭಾಗದಲ್ಲಿ ಸಮುದ್ರವೇ ಕೊಳೆತಿದೆ. ಲೋಳೆ ಲೋಳೆಯಾದ ಜೀವಿಗಳು ಕಾಲು ಮೂಡಿ ಹರಿದಾಡುತ್ತಿವೆ. ನೋಡಿದರೆ ವಾಕರಿಕೆ. ನಾಲ್ಕನೇ ಭಾಗದ ಕೊನೆಯಲ್ಲಿ, ಬೆಳದಿಂಗಳಲ್ಲಿ, ನೀರುಹಾವುಗಳು ಕಾಣುತ್ತವೆ. ನೀಲಿ, ಹೊಳೆಯುವ ಹಸಿರು, ಮಖಮಲ್ಲಿನ ಕಪ್ಪು. ಅವನಿಗೆ ಅರಿವಿಲ್ಲದೆಯೇ ಅವುಗಳ ಮೇಲೆ ಪ್ರೀತಿ ಉಕ್ಕುತ್ತದೆ. ಅವನ್ನು ಹರಸುತ್ತಾನೆ. ಕೊರಳಿಗೆ ಕಟ್ಟಿದ್ದ ಸತ್ತ ಹಕ್ಕಿ ಕಳಚಿ ಕಡಲಿಗೆ ಬೀಳುತ್ತದೆ. ಕಡಲು ಅದೇ. ಅದರಲ್ಲಿ ಹರಿದಾಡುವ ಜೀವಿಗಳೂ ಅವೇ ಅಂತಲೇ ನಾನು ಓದುತ್ತೇನೆ. ಬದಲಾದದ್ದು ನೋಡಿದ ರೀತಿ.

ಇಡೀ ರೊಮ್ಯಾಂಟಿಕ್ ಕಾಲದಲ್ಲಿ ದೈತ್ಯದ ಕಲ್ಪನೆ ಹೊರಳಿದ ಜಾಗ ತೋರಿಸಿ ಅಂತ ಯಾರಾದರೂ ಕೇಳಿದರೆ ನಾನು ಈ ನಾಲ್ಕನೇ ಭಾಗವನ್ನೇ ತೋರಿಸುತ್ತೇನೆ. ಕುರೂಪ ಅನ್ನುವುದು ವಸ್ತುವಿನಲ್ಲಿ ಎಷ್ಟು, ನಮ್ಮ ನೋಟದಲ್ಲಿ ಎಷ್ಟು? ವಾಲ್ಪೋಲ್ ಕಾಲದಲ್ಲಿ ಈ ಪ್ರಶ್ನೆ ಏಳುವ ಹಾಗೇ ಇರಲಿಲ್ಲ.

1817ರ ಮುದ್ರಣದಲ್ಲಿ ಕೋಲ್‌ರಿಜ್ ಅಂಚಿನಲ್ಲಿ ಗದ್ಯದ ಟಿಪ್ಪಣಿ ಸೇರಿಸಿದರು. ಮೊದಲ ಸಲ ಓದುವಾಗ ಅದನ್ನು ಬಿಟ್ಟುಬಿಡಿ. ಎರಡನೇ ಸಲ ಟಿಪ್ಪಣಿ ಸೇರಿಸಿ ಓದಿ. ಪದ್ಯ ಅನುಮಾನದಲ್ಲಿ ಬಿಟ್ಟದ್ದನ್ನು ಟಿಪ್ಪಣಿ ಎಲ್ಲಿ ಖಚಿತ ಮಾಡಲು ಹೋಗುತ್ತದೆ ಅಂತ ಗುರುತು ಹಾಕಿ.

ಹಂತ 5: ಹಾಫ್‌ಮನ್ನನ ‘ಸ್ಯಾಂಡ್‌ಮ್ಯಾನ್’, ಒಂದೇ ಕೂರಿಕೆಯಲ್ಲಿ

ಇ.ಟಿ.ಎ. ಹಾಫ್‌ಮನ್ ಜರ್ಮನ್ ಲೇಖಕ. ಈ ಕಥೆ 1816ರದು. ರಾತ್ರಿ ಓದಲು ಶುರುಮಾಡಿ ಮುಗಿಸಿಯೇ ಮಲಗಿ.

ನಥಾನಿಯೆಲ್ ಅನ್ನುವ ಹುಡುಗನಿಗೆ ಮನೆಯ ದಾದಿ ಒಂದು ಕಥೆ ಹೇಳಿದ್ದಾಳೆ. ಮಲಗದ ಮಕ್ಕಳ ಕಣ್ಣಿಗೆ ಮರಳು ಎರಚಿ, ಕಣ್ಣು ಕಿತ್ತು, ಚಂದ್ರನ ಮೇಲೆ ಇರುವ ತನ್ನ ಮರಿಗಳಿಗೆ ತಿನ್ನಿಸುವವನ ಕಥೆ. ‘ಗುಮ್ಮ ಬರ್ತಾನೆ’ ಅಂತ ನಾವು ಮಕ್ಕಳನ್ನು ಮಲಗಿಸುವುದಿಲ್ಲವೇ, ಹಾಗೆಯೇ. ಆದರೆ ಈ ಹುಡುಗನಿಗೆ ಆ ಗುಮ್ಮ ಜೀವಮಾನ ಪೂರ್ತಿ ಬಿಡುವುದಿಲ್ಲ. ದೊಡ್ಡವನಾದ ಮೇಲೆ ಅವನು ಒಬ್ಬ ವ್ಯಾಪಾರಿಯಿಂದ ದುರ್ಬೀನು ಕೊಳ್ಳುತ್ತಾನೆ. ಅದರಲ್ಲಿ ನೋಡಿ ಒಲಿಂಪಿಯಾ ಎಂಬ ಚೆಲುವೆಗೆ ಮನಸೋಲುತ್ತಾನೆ. ಅವಳು ಯಂತ್ರದ ಬೊಂಬೆ. ಹೇಳುವುದು ‘ಆಹ್, ಆಹ್’ ಅಂತ ಅಷ್ಟೇ. ಅವನು ತನ್ನ ಕವಿತೆಗಳನ್ನೆಲ್ಲ ಅವಳ ಮುಂದೆ ಓದುತ್ತಾನೆ. ಇಷ್ಟು ಚೆನ್ನಾಗಿ ನನ್ನನ್ನು ಕೇಳಿಸಿಕೊಂಡವರು ಯಾರೂ ಇಲ್ಲ ಅಂದುಕೊಳ್ಳುತ್ತಾನೆ. ಬುದ್ಧಿ ಹೇಳಿದ ಕ್ಲಾರಾಳನ್ನು, ಜೀವ ಇರುವ ಹುಡುಗಿಯನ್ನು, ಜೀವವಿಲ್ಲದ ಯಂತ್ರವೇ ಅಂತ ಬೈಯುತ್ತಾನೆ.

ಕಥೆಯಲ್ಲಿ ‘ಕಣ್ಣು’ ಬಂದ ಕಡೆಯೆಲ್ಲ ಅಡಿಗೆರೆ ಎಳೆಯಿರಿ. ಪುಟ ತುಂಬುತ್ತದೆ. 1919ರಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ಇದೇ ಕಥೆ ಹಿಡಿದು ಪರಿಚಿತವಾದದ್ದೇ ಭಯ ಹುಟ್ಟಿಸುವುದರ ಬಗ್ಗೆ ಒಂದು ದೊಡ್ಡ ಪ್ರಬಂಧ ಬರೆದರು. ಅದನ್ನು ಆಮೇಲೆ ಓದಿ, ಮೊದಲೇ ಬೇಡ. ಫ್ರಾಯ್ಡ್ ಓದಿದ ಮೇಲೆ ಬೇರೆ ಥರ ಓದುವುದು ಕಷ್ಟ ಆಗಿಬಿಡುತ್ತದೆ.

ಒಲಿಂಪಿಯಾಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಹಂತಕ್ಕೆ ಬನ್ನಿ. ನೋಡಲು ಚೆಂದ, ಮಾತು ಇಲ್ಲ. ಎರಡು ವರ್ಷಕ್ಕೆ ಇದಕ್ಕೆ ಪೂರಾ ತದ್ವಿರುದ್ಧವಾದ ಒಂದು ಜೀವಿ ಇಂಗ್ಲಿಷಿನಲ್ಲಿ ಹುಟ್ಟಿತು.

ಹಂತ 6: ‘ಫ್ರಾಂಕನ್‌ಸ್ಟೈನ್’, ಇಲ್ಲಿ ನಿಧಾನ ಮಾಡಿ

ಇದಕ್ಕೆ ಎರಡು ಮೂರು ವಾರ ಕೊಡಿ. ಮೊದಲು ಹಿನ್ನೆಲೆ ಸ್ವಲ್ಪ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ, ಅನಿಲ ಆಕಾಶ ತುಂಬಿ ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. 1816ರ ಜೂನ್‌ನಲ್ಲಿ ಜಿನೀವಾ ಸರೋವರದ ದಡದ ವಿಲ್ಲಾ ಡಿಯೊಡಾಟಿಯಲ್ಲಿ ಮಳೆಗೆ ಸಿಕ್ಕಿಕೊಂಡು ಕೂತವರು ಕವಿ ಬೈರನ್, ಅವರ ವೈದ್ಯ ಪಾಲಿಡೊರಿ, ಕವಿ ಪರ್ಸಿ ಶೆಲ್ಲಿ, ಮುಂದೆ ಮೇರಿ ಶೆಲ್ಲಿಯಾಗಿ ಈ ಕಾದಂಬರಿ ಬರೆದ ಮೇರಿ ಮತ್ತು ಅವಳ ಮಲತಂಗಿ ಕ್ಲೇರ್ ಕ್ಲೇರ್ಮಾಂಟ್. ಜರ್ಮನ್ ದೆವ್ವದ ಕಥೆಗಳ ಫ್ರೆಂಚ್ ಅನುವಾದ ಓದಿಕೊಂಡು, ನಾವೂ ಒಂದೊಂದು ಬರೆಯೋಣ ಅಂತ ಬೈರನ್ ಅಂದರು. ಒಂದು ರಾತ್ರಿ ಬೈರನ್ ಕೋಲ್‌ರಿಜ್‌ನ ‘ಕ್ರಿಸ್ಟಬೆಲ್’ ಸಾಲುಗಳನ್ನು ಹೇಳುತ್ತಿದ್ದಾಗ ಶೆಲ್ಲಿ ಚೀರಿಕೊಂಡು ಕೋಣೆಯಿಂದ ಓಡಿಹೋದರಂತೆ. ಎದೆಯ ಮೇಲೆ ಕಣ್ಣುಗಳಿರುವ ಹೆಂಗಸು ಕಂಡ ಹಾಗಾಯಿತು ಅಂತ. ಪಾಲಿಡೊರಿ ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ.

ಮೇರಿಗೆ ಆಗ ಹದಿನೆಂಟು. ಅವಳು ಹುಟ್ಟಿದ ಹತ್ತನೆಯ ದಿನದ ಹೊತ್ತಿಗೆ ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಬಾಣಂತಿ ಜ್ವರದಿಂದ ತೀರಿಕೊಂಡಿದ್ದರು. 1815ರಲ್ಲಿ ಮೇರಿಯ ಮೊದಲ ಮಗು ಎರಡು ವಾರವೂ ಬದುಕಲಿಲ್ಲ. ಮಗು ಸತ್ತಿರಲಿಲ್ಲ, ತಣ್ಣಗಾಗಿತ್ತು ಅಷ್ಟೇ, ಬೆಂಕಿಯ ಮುಂದೆ ಉಜ್ಜಿದಾಗ ಜೀವ ಬಂತು ಅಂತ ಒಂದು ಕನಸು ಬಿದ್ದದ್ದನ್ನು ಅವಳು ದಿನಚರಿಯಲ್ಲಿ ಬರೆದಿದ್ದಾಳೆ. ಸತ್ತದ್ದಕ್ಕೆ ಜೀವ ಬರುವ ಕಥೆಯನ್ನು ಬರೆದವಳು ಈ ಹುಡುಗಿ. ಇದನ್ನು ತಿಳಿದ ಮೇಲೆ ಪುಸ್ತಕದ ತೂಕವೇ ಬೇರೆಯಾಗುತ್ತದೆ.

ಇನ್ನೊಂದು ಕಡೆ ವಿಜ್ಞಾನ ಇತ್ತು. 1803ರ ಜನವರಿಯಲ್ಲಿ ಲಂಡನ್ನಿನಲ್ಲಿ ಜೊವಾನ್ನಿ ಆಲ್ಡಿನಿ ಗಲ್ಲಿಗೇರಿದ ಒಬ್ಬನ ಹೆಣಕ್ಕೆ ವಿದ್ಯುತ್ ಹಾಯಿಸಿದರು. ದವಡೆ ಅದುರಿತು, ಒಂದು ಕಣ್ಣು ತೆರೆಯಿತು. ಕಾದಂಬರಿಯಲ್ಲೂ ಜೀವ ಬಂದ ಗುರುತು ತೆರೆಯುವ ಒಂದು ಮಂಕು ಹಳದಿ ಕಣ್ಣು. ಇಲ್ಲಿ ಮಂತ್ರ ಇಲ್ಲ, ಶಾಪ ಇಲ್ಲ, ಸೈತಾನ ಇಲ್ಲ. ಅಲೌಕಿಕದ ಜಾಗದಲ್ಲಿ ಒಬ್ಬ ವಿದ್ಯಾರ್ಥಿಯ ಕೈಕೆಲಸ ಬಂದು ಕೂತಿದೆ.

ಯಾವ ಮುದ್ರಣ ಓದಬೇಕು? ಮುಖ್ಯವಾದವು ಎರಡಿವೆ. 1818ರ ಜನವರಿ 1ರಂದು ಹೆಸರಿಲ್ಲದೆ ಬಂದದ್ದು, 500 ಪ್ರತಿ. 1831ರದು ಮೇರಿ ತಿದ್ದಿ, ಮುನ್ನುಡಿ ಸೇರಿಸಿದ್ದು. 1831ರದರಲ್ಲಿ ವಿಧಿಯ ಮಾತು ಜಾಸ್ತಿ. 1818ರದರಲ್ಲಿ ವಿಕ್ಟರ್ ಮಾಡಿದ್ದಕ್ಕೆ ವಿಕ್ಟರನೇ ಹೊಣೆ. ನಾನು ಹೇಳುವುದು 1818ರದನ್ನೇ ಓದಿ, ಆಮೇಲೆ 1831ರ ಮುನ್ನುಡಿ ಓದಿ.

ಒಂದು ಕಾಗದದ ಮೇಲೆ ಮೂರು ಪೆಟ್ಟಿಗೆ ಬರೆಯಿರಿ, ಒಂದರೊಳಗೆ ಒಂದು. ಹೊರಗಿನದು ಉತ್ತರ ಧ್ರುವದ ಕಡೆ ಹೊರಟ ವಾಲ್ಟನ್ ತನ್ನ ಅಕ್ಕನಿಗೆ ಬರೆದ ಕಾಗದಗಳು. ಅದರೊಳಗೆ ವಿಕ್ಟರ್ ಫ್ರಾಂಕನ್‌ಸ್ಟೈನ್ ಹೇಳುವ ಕಥೆ. ಅದರೊಳಗೆ ಆ ಜೀವಿ ಹೇಳುವ ಕಥೆ. 1831ರ ಮುದ್ರಣದಲ್ಲಿ ಅಧ್ಯಾಯ 11ರಿಂದ 16, 1818ರದರಲ್ಲಿ ಎರಡನೇ ಸಂಪುಟದ 3ರಿಂದ 8. ಆ ಭಾಗ ಬರುವವರೆಗೆ ನಮಗೆ ಗೊತ್ತಿರುವುದೆಲ್ಲ ವಿಕ್ಟರ್ ಕಂಡದ್ದು. ಎಂಟು ಅಡಿ ಎತ್ತರ, ಹಳದಿ ಚರ್ಮ, ಕಪ್ಪು ತುಟಿ. ಅದು ಕಣ್ಣು ಬಿಟ್ಟಿತು, ಅವನು ಓಡಿಹೋದ. ಕನ್ನಡದಲ್ಲಿ ಕಥೆ ಹೇಳುವಾಗ ಇಲ್ಲಿಯವರೆಗೆ ನಿಮ್ಮ ಬಾಯಲ್ಲೂ ‘ಅದು’ ಅಂತಲೇ ಬರುತ್ತದೆ, ನೋಡಿ.

ಆಮೇಲೆ ಆಲ್ಪ್ಸ್‌ನ ಹಿಮನದಿಯ ಮೇಲೆ ಇಬ್ಬರೂ ಎದುರಾಗುತ್ತಾರೆ. ನನ್ನ ಕಣ್ಣೆದುರಿಂದ ತೊಲಗು ಅನ್ನುತ್ತಾನೆ ವಿಕ್ಟರ್. ಆ ಜೀವಿ ತನ್ನ ಎರಡೂ ಕೈಗಳಿಂದ ವಿಕ್ಟರನ ಕಣ್ಣು ಮುಚ್ಚುತ್ತದೆ. ನಿನಗೆ ಬೇಡವಾದ ನೋಟವನ್ನು ಹೀಗೆ ತಪ್ಪಿಸಿದ್ದೇನೆ, ಆದರೂ ನೀನು ನನ್ನ ಮಾತು ಕೇಳಬಹುದಲ್ಲ ಅನ್ನುವ ಅರ್ಥದ ಮಾತಾಡುತ್ತದೆ. ಆ ಪುಟದಲ್ಲಿ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ನೆ ಕೂರಿ.

ಮುಂದಿನ ಆರು ಅಧ್ಯಾಯ ಅವನದು. ಹೌದು, ಇನ್ನು ಮೇಲೆ ನನಗೆ ‘ಅದು’ ಅನ್ನಲು ಬಾಯಿ ಬರುವುದಿಲ್ಲ. ಅವನು ಕಾಡಿನಲ್ಲಿ ಒಬ್ಬನೇ ಚಳಿಯಲ್ಲಿ ಎದ್ದ. ಬೆಂಕಿ ಕಂಡ, ಕೈ ಸುಟ್ಟುಕೊಂಡ. ಒಂದು ಬಡ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಅಡಗಿ, ಸಂದಿಯಲ್ಲಿ ಆ ಮನೆಯವರನ್ನು ನೋಡುತ್ತಾ ಮಾತು ಕಲಿತ, ಓದು ಕಲಿತ. ದಾರಿಯಲ್ಲಿ ಸಿಕ್ಕ ಚೀಲದಲ್ಲಿ ಮೂರು ಪುಸ್ತಕ ಇದ್ದವು: ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’, ಪ್ಲೂಟಾರ್ಕನ ಜೀವನ ಚರಿತ್ರೆಗಳು, ಗಯಟೆಯ ‘ವೆರ್ಥರ್’. ಮಿಲ್ಟನ್ ಓದಿ, ನಾನು ದೇವರು ಮಾಡಿದ ಮೊದಲ ಮನುಷ್ಯ ಆದಾಮನೋ, ದೇವರು ಹೊರಗಟ್ಟಿದ ಸೈತಾನನೋ ಅಂತ ಯೋಚಿಸಿದ. ರಾತ್ರಿ ಹೊತ್ತು ಆ ಮನೆಯವರಿಗೆ ಸೌದೆ ತಂದು ಹಾಕಿದ, ಹಿಮ ಬಳಿದು ದಾರಿ ಮಾಡಿದ. ಬೆಳಿಗ್ಗೆ ಅವರು ಅದನ್ನು ನೋಡಿ, ಯಾವುದೋ ಒಳ್ಳೆಯ ಅಗೋಚರ ಶಕ್ತಿಯ ಕೆಲಸ ಅನ್ನುವ ಹಾಗೆ ಮಾತಾಡಿಕೊಂಡರು. ಕಾಣದಿದ್ದಾಗ ಅವನು ದೈವ. ಕಂಡಾಗ ದೆವ್ವ.

ಆ ಮನೆಯಲ್ಲಿ ಅವನ ಜೊತೆ ಕೂತು ಮಾತಾಡಿದವರು ಒಬ್ಬರೇ, ಮುದುಕ ಡಿ ಲೇಸಿ. ಅವರಿಗೆ ಕಣ್ಣಿಲ್ಲ. ಮಗ ಒಳಗೆ ಬಂದ, ನೋಡಿದ, ಕೋಲಿನಿಂದ ಹೊಡೆದ. ಅಲ್ಲಿಂದ ಮುಂದೆ ಅವನು ಕೊಲೆ ಮಾಡುತ್ತಾನೆ. ಚಿಕ್ಕ ಹುಡುಗನನ್ನು ಕೊಲ್ಲುತ್ತಾನೆ, ಆ ತಪ್ಪು ಏನೂ ಮಾಡದ ಜಸ್ಟೀನ್ ಮೇಲೆ ಬೀಳುವ ಹಾಗೆ ಮಾಡುತ್ತಾನೆ. ಅವಳು ಗಲ್ಲಿಗೇರುತ್ತಾಳೆ. ಇದನ್ನು ಮರೆತು ಓದಬೇಡಿ. ಮೇರಿ ಶೆಲ್ಲಿ ಅವನನ್ನು ಅಮಾಯಕ ಅಂತ ಬಿಡುವುದಿಲ್ಲ. ನಾನು ಒಳ್ಳೆಯವನಿದ್ದೆ, ದುಃಖ ನನ್ನನ್ನು ಹೀಗೆ ಮಾಡಿತು ಅಂತ ಅವನು ಹೇಳುವುದನ್ನು ಕೇಳಿಸುತ್ತಾಳೆ, ಸತ್ತವರನ್ನೂ ಕಣ್ಣಮುಂದೆ ಇಡುತ್ತಾಳೆ. ಎರಡನ್ನೂ ಹೊರುವುದು ನಮ್ಮ ಪಾಲಿನ ಕೆಲಸ.

ಈ ಹಂತದ ಅಭ್ಯಾಸ: ಅವನನ್ನು ಯಾರು ಯಾವ ಪದದಿಂದ ಕರೆಯುತ್ತಾರೆ ಅಂತ ಪಟ್ಟಿ ಮಾಡಿ. ಅವನಿಗೆ ಹೆಸರಿಲ್ಲ. 1823ರಲ್ಲಿ ಇದು ಲಂಡನ್ನಿನಲ್ಲಿ ನಾಟಕವಾದಾಗ ಪಾತ್ರದ ಹೆಸರಿನ ಜಾಗದಲ್ಲಿ ಬರೀ ಗೆರೆ ಹಾಕಿದ್ದರು. ನೋಡಲು ಹೋದ ಮೇರಿ ಶೆಲ್ಲಿಗೆ ಅದು ಇಷ್ಟವಾಯಿತು. ಆದರೆ ಆ ನಾಟಕದಲ್ಲಿ ಅವನಿಗೆ ಮಾತೇ ಇರಲಿಲ್ಲ. 1931ರ ಸಿನಿಮಾದಲ್ಲಿ ಬೋರಿಸ್ ಕಾರ್ಲಾಫ್ ಕೂಡ ಗುರುಗುಟ್ಟಿದ್ದೇ ಹೊರತು ಮಾತಾಡಲಿಲ್ಲ. ನನ್ನ ಶಾಲೆಯ ಪುಸ್ತಕಕ್ಕಿಂತ ಎಷ್ಟೋ ಮೊದಲೇ ಅವನ ನಾಲಿಗೆ ಕಿತ್ತಿದ್ದರು.

ಹಂತ 7: ಚೆಲುವ ದೈತ್ಯ, ಚೆಲುವೆ ದೈತ್ಯೆ

ಇಲ್ಲಿ ಎರಡು ಚಿಕ್ಕ ಓದು. ಒಂದು, ಪಾಲಿಡೊರಿಯ ‘ವ್ಯಾಂಪೈರ್’. ಅದೇ ಡಿಯೊಡಾಟಿ ಮನೆಯಲ್ಲಿ ಬೈರನ್ ಶುರುಮಾಡಿ ಬಿಟ್ಟ ಕಥೆಯ ಎಳೆ ಹಿಡಿದು ಬರೆದದ್ದು. 1819ರ ಏಪ್ರಿಲ್‌ನಲ್ಲಿ ಪತ್ರಿಕೆಯೊಂದು ಬೈರನ್ ಹೆಸರಲ್ಲಿ ಅಚ್ಚು ಹಾಕಿಬಿಟ್ಟಿತು. 1720, 30ರ ದಶಕದಲ್ಲಿ ಸರ್ಬಿಯಾದ ಹಳ್ಳಿಗಳಿಂದ ಬಂದ ಸರ್ಕಾರಿ ವರದಿಗಳಲ್ಲಿ ರಕ್ತ ಹೀರುವ ಪ್ರೇತ ಅಂದರೆ ಊದಿಕೊಂಡ ರೈತನ ಹೆಣ. ಪಾಲಿಡೊರಿಯ ಲಾರ್ಡ್ ರುತ್ವೆನ್ ಶ್ರೀಮಂತ, ದೊಡ್ಡವರ ಮನೆಗಳಲ್ಲಿ ಓಡಾಡುವವನು. ಅವನದು ಸತ್ತ ಬೂದು ಕಣ್ಣು. ಅವನು ಆಬ್ರಿ ಅನ್ನುವ ಯುವಕನಿಂದ ಆಣೆ ಮಾಡಿಸಿಕೊಳ್ಳುತ್ತಾನೆ, ಒಂದು ವರ್ಷ ಒಂದು ದಿನ ಬಾಯಿ ಬಿಡಬಾರದು ಅಂತ. ಆಬ್ರಿಗೆ ಎಲ್ಲ ಗೊತ್ತು, ಹೇಳುವ ಹಾಗಿಲ್ಲ. ಆಬ್ರಿಯ ತಂಗಿಯ ಮದುವೆ ರುತ್ವೆನ್ ಜೊತೆಯೇ ಆಗುತ್ತದೆ. ಇಲ್ಲಿ ಮಾತು ಕಳೆದುಕೊಂಡವನು ಮನುಷ್ಯ.

ಎರಡು, ಕೀಟ್ಸ್‌ನ ‘ಲೇಮಿಯಾ’, 1820. ಹಾವಾಗಿದ್ದವಳು ಹೆಣ್ಣಾಗಿ ಕೊರಿಂತ್ ನಗರದ ಲಿಸಿಯಸ್‌ನನ್ನು ಪ್ರೀತಿಸುತ್ತಾಳೆ. ಮದುವೆಯೂಟಕ್ಕೆ ಅವನ ಗುರು, ತತ್ತ್ವಜ್ಞಾನಿ ಅಪೊಲೋನಿಯಸ್ ಕರೆಯದೆ ಬರುತ್ತಾನೆ. ಕಣ್ಣು ಮಿಟುಕಿಸದೆ ಅವಳನ್ನೇ ದಿಟ್ಟಿಸುತ್ತಾನೆ. ಅವಳು ಬಿಳಚಿಕೊಳ್ಳುತ್ತಾಳೆ. ‘ಹಾವು’ ಅನ್ನುತ್ತಾನೆ. ಒಂದು ಚೀತ್ಕಾರ, ಅವಳಿಲ್ಲ. ರಾತ್ರಿಯೊಳಗೆ ಲಿಸಿಯಸ್‌ನೂ ಇಲ್ಲ. ಗುರು ಹೇಳಿದ್ದು ಸುಳ್ಳಲ್ಲ, ಅವಳು ಹಾವೇ. ಹಾಗಾದರೆ ನಮಗೆ ಯಾಕೆ ಅವನ ಮೇಲೆ ಕೋಪ ಬರುತ್ತದೆ? ತಣ್ಣನೆಯ ತತ್ತ್ವಜ್ಞಾನ ಕಾಮನಬಿಲ್ಲನ್ನೂ ಬಿಚ್ಚಿಹಾಕುತ್ತದೆ ಅಂತ ಕೀಟ್ಸ್ ಇದೇ ಕವಿತೆಯಲ್ಲಿ ಹೇಳುವುದು. ಎರ್ಲ್‌ಕ್ಯೊನಿಗ್‌ನ ಅಪ್ಪನನ್ನು ಇಲ್ಲಿ ಮತ್ತೆ ನೆನೆಸಿಕೊಳ್ಳಿ. ಕೀಟ್ಸ್ ಒಬ್ಬರ ಪರ ನಿಲ್ಲುತ್ತಾರೋ ಇಲ್ಲವೋ, ನನ್ನ ಅಭಿಪ್ರಾಯ ಎರಡು ಮೂರು ಸಲ ಬದಲಾಗಿದೆ.

ಸಮಯ ಇದ್ದರೆ ಜೇಮ್ಸ್ ಹಾಗ್ ಬರೆದ ‘ಕನ್ಫೆಶನ್ಸ್ ಆಫ್ ಎ ಜಸ್ಟಿಫೈಡ್ ಸಿನ್ನರ್’ ಕೂಡ ಓದಿ. ಸ್ಕಾಟ್ಲೆಂಡಿನ ಕಾದಂಬರಿ, 1824ರದು. ಅದರಲ್ಲಿ ಬರುವ ಗೆಳೆಯ ತಾನು ನೋಡಿದವರ ಮುಖವನ್ನೇ ತಳೆಯಬಲ್ಲ. ಸೈತಾನನೋ, ಕಥಾನಾಯಕನ ಹುಚ್ಚೋ ಹೇಳಲಾಗುವುದಿಲ್ಲ.

ಹಂತ 8: ಕೊನೆಯ ಪುಟಕ್ಕೆ ಮರಳಿ

ಎಲ್ಲ ಮುಗಿದ ಮೇಲೆ ಫ್ರಾಂಕನ್‌ಸ್ಟೈನ್‌ನ ಕೊನೆಯ ಕೆಲವು ಪುಟ ಮತ್ತೆ ತೆಗೆಯಿರಿ, ಗಟ್ಟಿಯಾಗಿ ಓದಿ. ಮೊದಲ ಸಲ ಓದಿದಾಗ ಕಣ್ಣಿಗೆ ಬೀಳದ ಒಂದು ಸಾಲು ಅಲ್ಲಿದೆ.

ಹಡಗಿನ ಕೋಣೆಯಲ್ಲಿ ವಿಕ್ಟರ್ ಸತ್ತು ಮಲಗಿದ್ದಾನೆ. ತನ್ನನ್ನು ಹುಟ್ಟಿಸಿದವನ ಹೆಣದ ಮೇಲೆ ಬಾಗಿ ಆ ದೈತ್ಯ ಅಳುತ್ತಿದ್ದಾನೆ. ಒಳಗೆ ಬಂದ ವಾಲ್ಟನ್‌ಗೆ ಆ ಮುಖ ಕಾಣುತ್ತದೆ. ತನಗೆ ಅರಿವಿಲ್ಲದೆಯೇ ವಾಲ್ಟನ್ ಕಣ್ಣು ಮುಚ್ಚಿಕೊಳ್ಳುತ್ತಾನೆ. ಮುಚ್ಚಿಕೊಂಡು, ಹೋಗಬೇಡ, ನಿಲ್ಲು ಅನ್ನುತ್ತಾನೆ. ಇಡೀ ಪುಸ್ತಕದಲ್ಲಿ ಅವನ ನಿಜ ರೂಪ ಕಂಡೂ ನಿಲ್ಲು ಅಂದವನು ಇವನೊಬ್ಬನೇ. ಅವನು ನಿಲ್ಲುತ್ತಾನೆ. ಮಾತಾಡುತ್ತಾನೆ. ತಾನು ಮಾಡಿದ್ದನ್ನೆಲ್ಲ ಹೇಳುತ್ತಾನೆ. ಉತ್ತರದ ತುದಿಗೆ ಹೋಗಿ ತನ್ನ ಚಿತೆಯನ್ನು ತಾನೇ ಒಟ್ಟಿಕೊಳ್ಳುತ್ತೇನೆ ಅನ್ನುತ್ತಾನೆ. ಅವನು ಸತ್ತ ಅಂತ ಮೇರಿ ಶೆಲ್ಲಿ ಬರೆಯುವುದಿಲ್ಲ.

ಕಾದಂಬರಿಯ ಕೊನೆಯ ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ನಿಮ್ಮ ಕನ್ನಡದಲ್ಲಿ ಬರೆಯಿರಿ. ಕ್ರಿಯಾಪದ ಹೇಗೆ ಮುಗಿಸುತ್ತೀರಿ ಅಂತ ನೋಡಿಕೊಳ್ಳಿ. ನಾನು ಬರೆದದ್ದು ಹೀಗೆ: ಕಿಟಕಿಯಿಂದ ಹಾರಿ ಹಿಮದ ತೆಪ್ಪದ ಮೇಲೆ ಇಳಿದ, ಅಲೆಗಳು ಹೊತ್ತುಕೊಂಡು ಹೋದವು, ಕತ್ತಲಲ್ಲಿ, ದೂರದಲ್ಲಿ, ಮರೆಯಾದ.